ಅವರ ಸಾಲು, ನನ್ನ ಸಾಲು

ಜುಲೈ ೪, ೨೦೨೨. ಸ್ಕೋಪಿಯೆ

ಇವತ್ತೂ ಮೀನಿನ ಬಲೆಯೇ. ಐರೋಪ್ಯ ಒಕ್ಕೂಟದ ಕಾನೂನು — ಹೆರಿಂಗ್ ಹಿಡಿಯೋ ಬಲೆಯ ಕಣ್ಣು ಎಷ್ಟಗಲ ಇರಬೇಕು ಅಂತ. ಮೆಸಿಡೋನಿಯನ್‌ಗೆ ಅನುವಾದಿಸಿ ಅನುವಾದಿಸಿ ಕತ್ತು ನೋವು. ನಮ್ಮ ಸರ್ಕಾರಿ ಅನುವಾದದ ಆಫೀಸಿನಲ್ಲಿ ಪಕ್ಕದ ಮೇಜಿನ ಆಗ್ರೋನ್ ಇಣುಕಿದ. "ನಮ್ಗೆ ಸಮುದ್ರಾನೇ ಇಲ್ವಲ್ಲೇ!"

"ಒಕ್ಕೂಟ ಸೇರಿದ್ಮೇಲೆ ಕೊಡ್ತಾರೇನೋ, ಇರು."

ನಕ್ಕೆವು. ನಗದೆ ಇನ್ನೇನು. ಒಕ್ಕೂಟ ಸೇರಬೇಕಾದರೆ ನಿಮ್ಮ ದೇಶದ ಹೆಸರು ಬದಲಿಸಿ ಅಂತು ಗ್ರೀಸ್ — ಬದಲಿಸಿದೆವು. ಫ್ರಾನ್ಸ್ ಈಗಲೇ ಬೇಡ ಅಂತು — ಕಾದೆವು. ಈಗ ಬಲ್ಗೇರಿಯಾ, ಅದೂ ಒಕ್ಕೂಟದ ಸದಸ್ಯ. ನಿಮ್ಮದು ಬೇರೆ ಭಾಷೆಯೇ ಅಲ್ಲ, ನಮ್ಮದೇ ಒಂದು ಬಗೆ ಅಂತ. ನಿಮ್ಮ ಸಂವಿಧಾನದಲ್ಲಿ ನಮ್ಮವರನ್ನೂ ಹೆಸರಿಸಿ, ಆಮೇಲೆ ಮಾತು ಅಂತ.

ನನ್ನ ಗಂಡ ಬ್ಲಗೋಯಾ ಇವತ್ತೂ ಪಾರ್ಲಿಮೆಂಟ್ ಮುಂದೆ, ಈ ಷರತ್ತು ಒಪ್ಪಬೇಡಿ ಅಂತ. ಕೂಗಿ ಕೂಗಿ ಗಂಟಲು ಕಟ್ಟಿದೆ. ಇತಿಹಾಸದ ಮೇಷ್ಟ್ರು, ಸುಮ್ಮನಿರೋಕಾಗುತ್ತಾ? "ನಿನ್ನ ಆಫೀಸಿನೋರು ನಮ್ಮಜ್ಜನ್ನ ಮಾರ್ತಿದಾರೆ ಕಣೇ ರೊಸಿತ್ಸಾ." ಎರಡನೇ ಮಹಾಯುದ್ಧದ ಕಾಲದಲ್ಲಿ 'ನಾನು ಬಲ್ಗೇರಿಯನ್' ಅಂತ ಒಪ್ಪಲಿಲ್ಲ ಅಂತ ಬಲ್ಗೇರಿಯಾದ ಸೈನಿಕರು ಆ ಅಜ್ಜನ ಕಾಲು ಮುರಿದಿದ್ದರು.

ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಜುಲೈ ೮. ವಿಯೆನ್ನಾ, ಅಕ್ಕನ ಮನೆ

ಬರೆಯದೆ ಇದ್ದರೆ ಆಗಲ್ಲ.

ಅಕ್ಕನ ಮಗಳ ಮದುವೆಗೆ ಬಂದೆವು — ನಾನು, ಬ್ಲಗೋಯಾ, ಮಗಳು ಕಲಿನಾ. ಏರ್‌ಪೋರ್ಟಿನಲ್ಲಿ ಎರಡು ಸಾಲು. ಒಕ್ಕೂಟದವರದು ಗಿಡ್ಡ. ಉಳಿದವರದು ಹನುಮಂತನ ಬಾಲ. ಬಾಲದ ತುದಿಗೆ ಹೋಗಿ ನಿಂತೆ. ತಿರುಗಿದೆ. ಅವರಿಬ್ಬರೂ ಇಲ್ಲ.

ಗಿಡ್ಡ ಸಾಲಲ್ಲಿದ್ದರು.

ತಪ್ಪಿ ಹೋಗಿದಾರೆ ಅಂದ್ಕೊಂಡೆ. "ಬ್ಲಗೋಯಾ, ಈ ಕಡೆ!" ಕೈ ಬೀಸಿದೆ. ಅವನು ನೆಲ ನೋಡಿದ. ಕಲಿನಾ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಅಳುಮುಖ. ಬ್ಲಗೋಯಾ ಜೇಬಿಂದ ಪಾಸ್‌ಪೋರ್ಟ್ ತೆಗೆದ. ನಮ್ಮದಲ್ಲ.

ಬಲ್ಗೇರಿಯಾದ್ದು.

ತನಗೆ ಒಂದು, ಮಗಳಿಗೆ ಒಂದು.

ಅವರು ದಾಟಿ ಹೋದರು. ನಾನು ನಿಂತೇ ಇದ್ದೆ. ಹಿಂದಿನವರು ಬೆನ್ನು ತಟ್ಟಿದರು, ಮುಂದೆ ಹೋಗಮ್ಮಾ ಅಂತ.

ಜುಲೈ ೯

ಮದುವೆ. ಕುಣಿದರು. ನಾನೂ ಕುಣಿದೆನಂತೆ. ನೆನಪಿಲ್ಲ.

ಜುಲೈ ೧೩. ಸ್ಕೋಪಿಯೆ

ಬ್ಲಗೋಯಾ ಕೊನೆಗೂ ಬಾಯಿ ಬಿಟ್ಟ.

"ಸ್ಕೂಲು ಮುಚ್ಚುತ್ತೆ ಅಂತ ಸುದ್ದಿ ಇತ್ತಲ್ಲ ಆಗ. ಜರ್ಮನಿಗೆ ಹೋಗಿ ಲಾರಿ ಓಡಿಸೋಣ ಅಂತ ಮಾಡಿಸ್ದೆ. ಸ್ಕೂಲು ಉಳೀತು, ಹೋಗ್ಲಿಲ್ಲ. ಬರೀ ಕಾಗದ ಕಣೇ ಅದು."

"ಏನಂತ ಬರ್ಕೊಟ್ಟೆ?"

ಮೇಜಿನ ಮೇಲಿನ ಬ್ರೆಡ್ಡಿನ ಚೂರು ಗುಡಿಸತೊಡಗಿದ.

"ಏನಂತ?"

"ನಾನು ಮೂಲತಃ ಬಲ್ಗೇರಿಯನ್ ಅಂತ. ನಮ್ಮಜ್ಜನೂ ಅಂತ."

ಮಗಳು ಬಾಗಿಲ ಹತ್ತಿರ. "ಅಮ್ಮಾ, ನಮ್ ಕ್ಲಾಸಲ್ಲಿ ಅರ್ಧ ಜನಕ್ಕಿದೆ. ನಿಂಗೆ ಹೇಳಿದ್ರೆ ನೀನು ಸತ್ತೇ ಹೋಗ್ತೀಯಾ ಅಂದ ಅಪ್ಪ."

ಸಾಯಲಿಲ್ಲ. ಒಲೆ ಮೇಲೆ ಮೆಣಸಿನಕಾಯಿ ಸೀದು ಹೋಯಿತು, ಅಷ್ಟೆ.

ಜುಲೈ ೧೫

ಬಲ್ಗೇರಿಯಾದ ಷರತ್ತಿನ ಮೇಲೆ ನಾಳೆ ಪಾರ್ಲಿಮೆಂಟಿನಲ್ಲಿ ಮತದಾನ. ಇವತ್ತು ಬ್ಲಗೋಯಾಗೆ ವೇದಿಕೆ ಮೇಲೆ ಮಾತಾಡೋಕೆ ಕರೆ. ಮೊದಲ ಸಲ ನಾನೂ ಹೋದೆ. ಕಲಿನಾ ಕೈ ಹಿಡಿದುಕೊಂಡೇ ಇದ್ದಳು. ಎಲ್ಲೆಲ್ಲೂ ಬಾವುಟ. ಮುಂದಿನ ಸಾಲಲ್ಲಿ ಬಿಳಿ ಮೀಸೆಯ ಅಜ್ಜ ಒಬ್ಬರು, ಕೈಯಲ್ಲಿ ಮೊಟ್ಟೆಯ ಟ್ರೇ — ಮಂತ್ರಿಗಳಿಗೆ ಹೊಡೆಯಲು.

ಬ್ಲಗೋಯಾ ಶುರು ಮಾಡಿದ. "ನಮ್ಮಜ್ಜ..." ಅಂದ. ಜನ ಹೋ ಅಂದರು. ನಮ್ಮನ್ನು ಕಂಡ. ಕಂಡು ನಿಂತುಬಿಟ್ಟ. ಮೈಕಿನಲ್ಲಿ ಬರೀ ಅವನ ಉಸಿರು.

"ನಮ್ಮಜ್ಜನ್ನ ಮಾರಿದ್ದು ಸರ್ಕಾರ ಅಲ್ಲ. ನಾನು. ನನ್ಹತ್ರ ಬಲ್ಗೇರಿಯಾದ ಪಾಸ್‌ಪೋರ್ಟ್ ಇದೆ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ನನಗೂ, ಇದನ್ನ ಇಲ್ಲಿ ಯಾಕೆ ಹೇಳಿದ ಅಂತ. ಆಮೇಲೆ ಯಾರೋ "ದ್ರೋಹಿ!" ಅಂದರು. ಮೊದಲ ಮೊಟ್ಟೆ ಹಣೆಗೆ. ಎಸೆದದ್ದು ಆ ಅಜ್ಜನೇ.

ಹೇಗೋ ಅವನನ್ನು ಎಳೆದುಕೊಂಡು ಬಂದೆವು. ಸೇತುವೆ ಮೇಲೆ ನಿಲ್ಲಿಸಿ ನನ್ನ ಸ್ಕಾರ್ಫಿನಿಂದ ಅವನ ಮುಖ ಒರೆಸಿದೆ. ಒಂದು ವಾರದ ಮೇಲೆ ಅವನನ್ನು ಮುಟ್ಟಿದ್ದು.

ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಅದೇ ಬಿಳಿ ಮೀಸೆ. ಕಂಕುಳಲ್ಲಿ ಖಾಲಿ ಟ್ರೇ. ಕಲಿನಾ ಅಪ್ಪನಿಗೆ ಅಡ್ಡ ನಿಂತಳು.

ಅಜ್ಜ ಆ ಕಡೆ ಈ ಕಡೆ ನೋಡಿದರು. ಟೋಪಿ ತೆಗೆದರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ... ಆ ಪಾಸ್‌ಪೋರ್ಟಿಗೆ ನಾನೂ ಅರ್ಜಿ ಹಾಕಿ ಎರಡು ವರ್ಷ ಆಯ್ತು. ನಿಮ್ಗೆ ಹೇಗೆ ಸಿಕ್ತು? ಅಲ್ಲಿ, ಸೋಫಿಯಾದ ಕಚೇರೀಲಿ ಯಾರಾದ್ರೂ ಗೊತ್ತಾ?"

ಬ್ಲಗೋಯಾ ನನ್ನ ಮುಖ ನೋಡಿದ. ನಾನು ಹೊಳೆ ಕಡೆ ತಿರುಗಿದೆ. ಕಲಿನಾ ನಗೋಕೆ ಶುರು ಮಾಡಿದಳು, ಇಲ್ಲ ಅಳೋಕೆ, ಗೊತ್ತಾಗಲಿಲ್ಲ. ಅಜ್ಜ ಇನ್ನೂ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಲೇ ಇದ್ದರು.