ಗೀರಿಲ್ಲದ ಪ್ಲೇಟು

ತಮ್ಮಾ,

ಇವತ್ತು ಲ್ಯಾಬಿನಲ್ಲಿ ಎರಡು ಎದೆಕವಚದ ಪ್ಲೇಟುಗಳಿಗೆ ಗುಂಡು ಹಾರಿಸಿದೆವು. ಮೊದಲನೆಯದರ ಸೆರಾಮಿಕ್ ತಾನು ಪುಡಿಯಾಗುತ್ತಲೇ ಗುಂಡಿನ ಮೂತಿ ಮುರಿಯಿತು. ಹಿಂದಿನ ನಾರಿನ ಪದರ ಚೂರುಗಳನ್ನೆಲ್ಲ ಹಿಡಿದುಕೊಂಡಿತು. ಇನ್ನೊಂದನ್ನು ಬೇಕೆಂದೇ ಕೆಲವು ಸಲ ನೆಲಕ್ಕೆ ಬೀಳಿಸಿದ್ದೆವು. ಮೇಲೆ ಒಂದು ಗೀರೂ ಇರಲಿಲ್ಲ. ಗುಂಡು ನೇರ ಆಚೆ ಹೋಯಿತು.

“ಒಳಗೇ ಬಿರುಕು ಬಿಟ್ಟಿರುತ್ತೆ ಕಣಯ್ಯ, ಕಣ್ಣಿಗೆ ಕಾಣಲ್ಲ,” ಎಂದರು ಮೇಲಧಿಕಾರಿ.

ಬ್ಯಾಂಕಿನ ಹಣದ ವ್ಯಾನಿಗೆ ಕಾವಲು ಹೋಗಿ ನೀನು ಮನೆಗೆ ಬಂದೊಡನೆ ಅಮ್ಮ ನಿನ್ನ ಎದೆಕವಚವನ್ನು ಮೆಟ್ಟಿಲಿಗೆ ಬಡಿದು ಬಡಿದು ಧೂಳು ಕೊಡವುತ್ತಿದ್ದಳಲ್ಲ. “ಅಮ್ಮನ ಏಟು ತಡೆದಿದ್ದಕ್ಕೆ ಗುಂಡು ಯಾವ ಲೆಕ್ಕ!” ಎಂದು ನೀನು ನಗುತ್ತಿದ್ದೆ.

ಸಂಜೆ ನಿನ್ನ ಫೋಟೋ ಒರೆಸುತ್ತಾ ಅವಳು ಮತ್ತೆ ಕೇಳಿದಳು, “ಅವನ ಕವಚ ಯಾಕೆ ತಡೀಲಿಲ್ಲ ಅಂತ ಏನಾದ್ರೂ ಗೊತ್ತಾಯ್ತೇನೋ?”

“ಇವತ್ತು ಬರೀ ಹೆಲ್ಮೆಟ್ ನೋಡಿದ್ವಿ ಅಮ್ಮ,” ಅಂದೆ.