ಪಾಲಿಶ್ ಹಾಕಿದ ಎಲೆ

ಮಾರ್ಚ್ 5, ಮಂಗಳವಾರ, ಬೆಳಿಗ್ಗೆ

ಬೆರಳು ಮಣ್ಣಿಗೆ. ಎರಡು ಗೆಣ್ಣು ಆಳ. ಒದ್ದೆ. ನೀರು ಬೇಡ. ಮೂರು ದಿನದಿಂದ ಇದೇ ಮೊದಲ ಕೆಲಸ, ಹಲ್ಲುಜ್ಜುವುದು ಆಮೇಲೆ.

ಕುಂಡ ಇರುವುದು ಚಿಕ್ಕ ಕೋಣೆಯ ಕಿಟಕಿ ಬಳಿ. ಆ ಕೋಣೆಗೆ ಇನ್ನೂ ಹೆಸರಿಲ್ಲ. ಗಂಡ ಹೆಂಡತಿ, ನಾನೂ ಇವಳೂ, ‘ಆ ಕೋಣೆ’ ಎಂದೇ ಹೇಳುವುದು. ಪುಟ್ಟ ಮಂಚ, ಪುಟ್ಟ ಮೇಜು. ಎರಡಕ್ಕೂ ನಾನೇ ಪಾಲಿಶ್ ಹಾಕಿದೆ. ಮಲಗುವವರು ಬರಬೇಕು, ಅಷ್ಟೇ.

ಗಿಡ ಆರಿಸಿದ್ದು ಆರು ವರ್ಷದ ಇನ್ಸ್‌ಪೆಕ್ಟರ್. ಭಾನುವಾರ ಅನಾಥ ಮಕ್ಕಳ ಮನೆಯ ಮೇಡಂ ಒಂದು ಮಧ್ಯಾಹ್ನದ ಮಟ್ಟಿಗೆ ಅವಳನ್ನು ನಮ್ಮ ಜೊತೆ ಕಳಿಸಿದ್ದರು. ಊಟಕ್ಕೆ ಕೂತಾಗಲೂ ಬೆನ್ನಿನ ಬ್ಯಾಗು ಇಳಿಸಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದಳು. ಕಪಾಟು ತೆರೆದು ನೋಡಿದಳು. ಆಮೇಲೆ ಗಿಡಗಳ ನರ್ಸರಿಗೆ ಹೋದಾಗ ತೂತು ತೂತು ಎಲೆಯ ಈ ಮಾನ್‌ಸ್ಟೆರಾ ಮುಂದೆ ನಿಂತುಬಿಟ್ಟಳು.

“ಇದರ ಎಲೇಲಿ ಕಿಟಕಿ ಇದೆ.”

ಎಣಿಸಿದಳು. ಐದು ಎಲೆ. “ಇದು ನಿಮ್ಮನೇಲಿರ್ಲಿ. ನಾನು ಬಂದು ನೋಡ್ತೀನಿ.”

ಬರುವುದು ಏಪ್ರಿಲ್ 14ಕ್ಕೆ. ನಮ್ಮ ಮಗಳಾಗಿ ಇಲ್ಲೇ ಇರುತ್ತಾಳೋ ಇಲ್ಲವೋ, ಅದಾದ ಮೇಲೆ ಅವಳೇ ಹೇಳಬೇಕು. ಹಿಂದೆ ಒಂದು ಮನೆಯಿಂದ ತಾನಾಗಿ ವಾಪಸ್ ಹೊರಟವಳು. ಕಾರಣ ಯಾರಿಗೂ ಹೇಳಿಲ್ಲ.

ಮಾರ್ಚ್ 9, ಶನಿವಾರ, ಮಧ್ಯಾಹ್ನ

ನನ್ನ ಪಾಲಿಶ್ ಅಂಗಡಿಗೆ ಅರ್ಧ ದಿನ ರಜೆ. ಆ ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದೆ. ಬಿಸಿಲು ಎಲೆಯ ಕಿಟಕಿಗಳಿಂದ ಇಳಿದು ನೆಲದ ಮೇಲೆ ಚುಕ್ಕೆ ಚುಕ್ಕೆ. ಗಾಳಿ ಬಂದರೆ ಚುಕ್ಕೆಗಳೆಲ್ಲ ಎದ್ದು ಬೇರೆ ಕಡೆ ಕೂರುತ್ತವೆ. ಅರೆನಿದ್ದೆ. ಆ ಚುಕ್ಕೆಗಳ ನಡುವೆ ಯಾರೋ ಬರಿಗಾಲಲ್ಲಿ ಓಡಾಡಿದ ಹಾಗೆ... ಕಣ್ಣು ಬಿಡಲು ಮನಸ್ಸಾಗಲಿಲ್ಲ.

ಎದ್ದಾಗ ಕಂಡಿತು. ಕಾಂಡದ ಬುಡದಲ್ಲಿ ಒಂದು ಗೀರು, ಅರ್ಧಚಂದ್ರದ ಆಕಾರ. ನರ್ಸರಿಯಲ್ಲೇ ಆಗಿರಬೇಕು. ಬೇರೆಯವರಿಗೆ ಕಾಣದು, ಮರದ ಸಾಮಾನಿನಲ್ಲಿ ಗೀರು ಹುಡುಕುವುದೇ ನನ್ನ ಹೊಟ್ಟೆಪಾಡು. ಮೇಣ ತುಂಬಿ ಮುಚ್ಚಲು ಕೈ ತುರಿಸಿತು. ಸುಮ್ಮನಾದೆ.

ಮಾರ್ಚ್ 16, ಶನಿವಾರ, ಸಂಜೆ

ಎಲೆಗಳ ಮೇಲೆ ಧೂಳು. ಮಂಕು. ಅಂಗಡಿಯಿಂದ ಡಬ್ಬಿ ತಂದೆ, ಮೇಣಕ್ಕೆ ಅಗಸೆ ಎಣ್ಣೆ ಬೆರೆಸಿದ್ದು, ನಾನೇ ಕಾಯಿಸಿದ್ದು. ಮೆತ್ತನೆ ಹತ್ತಿ ಬಟ್ಟೆ. ಸುತ್ತಿ ಸುತ್ತಿ, ಹಗುರಾಗಿ. ಎಲೆಯ ಬೆನ್ನನ್ನೂ ಬಿಡಲಿಲ್ಲ. ಒಳ್ಳೆ ಕೆಲಸಗಾರ ಮೇಜಿನ ಅಡಿಭಾಗವನ್ನೂ ಬಿಡುವುದಿಲ್ಲ.

ಆಹಾ! ಐದೂ ಎಲೆ ಕನ್ನಡಿ. ಬಗ್ಗಿದರೆ ನನ್ನ ಮೂಗು ಕಾಣುತ್ತದೆ.

ಇವಳು ಆಸ್ಪತ್ರೆಯಿಂದ ಬಂದು ಬಾಗಿಲಲ್ಲೇ ನಿಂತಳು. “ರೀ, ಗಿಡಕ್ಕೂ ಬಿಡ್ಲಿಲ್ವಾ? ಇನ್ನು ನಾನೊಬ್ಳು ಬಾಕಿ.”

ಏಪ್ರಿಲ್ 1, ಸೋಮವಾರ, ಬೆಳಿಗ್ಗೆ

ಎರಡು ವಾರ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಮೊದಲ ಎಲೆ ಹಳದಿಯಾಯಿತು. ಹೊಳೆಯುವ ಹಳದಿ. ನೀರು ಹೆಚ್ಚಾಯಿತೆಂದು ನಿಲ್ಲಿಸಿದೆ. ಕಡಿಮೆಯಾಯಿತೆಂದು ಹಾಕಿದೆ. ನಿನ್ನೆ ಉದುರಿತು. ಇನ್ನೆರಡರ ಅಂಚು ಕಂದು. ಒಂದು ಎಲೆಯ ಫೋಟೊ ತೆಗೆದು ನರ್ಸರಿಯ ಅಜ್ಜನ ಹತ್ತಿರ ಓಡಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

“ಇದೇನಪ್ಪಾ ಇಷ್ಟು ಮಿಂಚ್ತಿದೆ? ಏನ್ ಹಚ್ಚಿದೀಯಾ?”

ಹೇಳಿದೆ.

“ಅಯ್ಯೋ ಪುಣ್ಯಾತ್ಮ! ಅದೇನು ಟೇಬಲ್ಲಾ? ಎಲೆ ಉಸಿರಾಡೋದೇ ಬೆನ್ನಿಂದ. ನೀನು ಅದರ ಮೂಗಿಗೇ ಮೇಣ ಮೆತ್ತಿದೀಯಲ್ಲೋ.”

ಮಾಡಿದ್ದುಣ್ಣೋ ಮಹರಾಯ.

ಏಪ್ರಿಲ್ 3, ಬುಧವಾರ, ಸಂಜೆ

ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು. ಎಲೆಯನ್ನು ಅಂಗೈಯಲ್ಲಿಟ್ಟು ತೊಳೆದೆ. ಇವಳು ಹಿಡಿದುಕೊಂಡಳು, ನಾನು ಒರೆಸಿದೆ. ಮಗುವಿಗೆ ಸ್ನಾನ ಮಾಡಿಸಿದ ಹಾಗಿತ್ತು. ಇಬ್ಬರಿಗೂ ಹಾಗೆ ಅನಿಸಿತು. ಇಬ್ಬರೂ ಹೇಳಲಿಲ್ಲ.

ಏಪ್ರಿಲ್ 9, ಮಂಗಳವಾರ

ಇನ್ನೆರಡು ಹೋದವು. ಉಳಿದದ್ದು ಎರಡು. ಬಿದ್ದ ಮೂರನ್ನೂ ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಒಣಗಿದರೂ ಹೊಳಪು ಬಿಟ್ಟಿಲ್ಲ. ನನ್ನ ಕೆಲಸ ಅಷ್ಟು ಗಟ್ಟಿ!

ಇನ್ನು ಐದು ದಿನ. ಬಂದವಳೇ ಎಣಿಸುತ್ತಾಳೆ. ಒಂದು ಗಿಡ ನೋಡಿಕೊಳ್ಳಲಾಗದವನು ನನ್ನನ್ನು ಏನು ನೋಡಿಕೊಳ್ಳುತ್ತಾನೆ ಅನ್ನುವುದಿಲ್ಲವೇ? ನಾನಾದರೆ ಅನ್ನುತ್ತಿದ್ದೆ.

ಏಪ್ರಿಲ್ 13, ಶನಿವಾರ, ಮಧ್ಯಾಹ್ನ

ಬೇರೆ ಗಿಡ ತಂದೆ. ಅದೇ ಎತ್ತರ, ಐದು ಎಲೆ. ಹಳೆಯ ಕುಂಡದೊಳಗೇ ಕೂರಿಸಿದೆ. ಹಳೆಯ ಗಿಡ ಬಕೆಟ್ಟಿನಲ್ಲಿ, ಬಚ್ಚಲ ಮನೆಯಲ್ಲಿ.

ಇವಳು ಎರಡನ್ನೂ ನೋಡಿದಳು. ಎಕ್ಸ್‌ರೇ ತೆಗೆಯುವ ಕೆಲಸದವಳು, ಒಂದು ಸಲ ನೋಡಿದರೆ ಸಾಕು.

“ಗೀರು ಮುಚ್ಚೋದು ನನ್ನ ಕಸುಬು ಕಣೇ,” ಅಂದೆ.

“ಗೊತ್ತು. ಆದ್ರೆ ಅವಳು ನನ್ನ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಅಡುಗೆಮನೆಗೆ ಹೋಗಿ ಕುಕ್ಕರ್ ಕೂಗಿಸ್ತೀನಿ.”

ನಗು ಬಂತು. ಆ ಕೋಣೆಯಲ್ಲಿ ಮಲಗಿದೆ. ಹೊಸ ಗಿಡದ ಕಿಟಕಿಗಳಿಂದಲೂ ಬಿಸಿಲು ಬಂತು, ಚುಕ್ಕೆಗಳೂ ಕುಣಿದವು. ಬರಿಗಾಲಿನ ಆ ಸದ್ದಿಗೆ ಕಾದೆ. ಬರಲಿಲ್ಲ.

ಏಪ್ರಿಲ್ 14, ಭಾನುವಾರ, ಬೆಳಿಗ್ಗೆ 7

ಸ್ನಾನಕ್ಕೆ ಹೋದರೆ — ಬಕೆಟ್ಟಿನಲ್ಲಿದ್ದ ಗಿಡದ ನೆತ್ತಿಯಲ್ಲಿ ಏನೋ. ತಿಳಿಹಸಿರು, ಸುರುಳಿ ಸುತ್ತಿದ ಕಾಗದದಷ್ಟು ಬಿಗಿ. ಹೊಸ ಎಲೆ! ನಾನು ಮುಟ್ಟದಿದ್ದ ಒಂದೇ ಎಲೆ.

ಬಚ್ಚಲ ಮನೆಯ ನೆಲದಲ್ಲೇ ಕೂತೆ. ಕಣ್ಣು ತುಂಬಿ ಬಂತು. ಇದನ್ನು ಬಚ್ಚಿಡಲಾರೆ.

ಗಿಡ ಬದಲಿಸಿದೆ. ಹಳೆಯದು ಕುಂಡಕ್ಕೆ, ಹೊಸದು ಇವಳ ಅಡುಗೆಮನೆಗೆ.

ಅದೇ ದಿನ, ಸಂಜೆ

ಬರೆದುಬಿಡುತ್ತೇನೆ.

ಬಂದಳು. ಬೆನ್ನ ಮೇಲೆ ಬ್ಯಾಗು. ನೇರ ಆ ಕೋಣೆಗೆ. ಅವಳು ಎಣಿಸುವ ಮೊದಲೇ ಹೇಳಿದೆ. ಡ್ರಾಯರ್ ಎಳೆದು ಮೂರು ಎಲೆಗಳನ್ನೂ ಮೇಜಿನ ಮೇಲಿಟ್ಟೆ. “ನಾನೇ ಪಾಲಿಶ್ ಹಾಕ್ದೆ. ಚೆನ್ನಾಗಿ ಕಾಣ್ಲಿ ಅಂತ. ಅದಕ್ಕೆ ಉಸಿರು ಕಟ್ತು. ತಪ್ಪು ನಂದೇ.” ಬೇರೆ ಗಿಡ ತಂದದ್ದನ್ನೂ ಹೇಳಿದೆ.

ಅವಳು ಎಲೆಗಳನ್ನು ನೋಡಲೇ ಇಲ್ಲ. ಕುಂಡದ ಮುಂದೆ ಮಂಡಿಯೂರಿ, ಕಾಂಡದ ಬುಡದಲ್ಲಿ ಮಣ್ಣು ಸರಿಸಿದಳು. ಆ ಗೀರು. ಅದರ ಮೇಲೆ ತನ್ನ ಹೆಬ್ಬೆರಳಿನ ಉಗುರಿಟ್ಟಳು. ಸರಿಯಾಗಿ ಕೂತಿತು.

“ಅದೇ,” ಅಂದಳು.

ಬಾಗಿಲಲ್ಲಿದ್ದ ಇವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಹುಡುಗಿ ಉಗುರು ತೆಗೆಯದೆ, ಗಿಡಕ್ಕೇ ಹೇಳುವಂತೆ: “ಮುಂಚಿನ ಮನೇಲಿ ನನ್ನ ಮೀನು ಸತ್ತೋಯ್ತು. ನಾನು ಸ್ಕೂಲಿಂದ ಬರೋವಷ್ಟ್ರಲ್ಲಿ ಬೇರೆ ತಂದು ಬಿಟ್ಟಿದ್ರು. ಅದೇ ಮೀನು ಅಂದ್ರು. ಬಾಲದಲ್ಲಿ ಚುಕ್ಕೆನೇ ಇರ್ಲಿಲ್ಲ.”

ಆಮೇಲೆ ಕೇಳಿದಳು: “ಸುತ್ಕೊಂಡಿರೋದು ಲೆಕ್ಕಕ್ಕೆ ಬರತ್ತಾ?”

“ಬರತ್ತೆ.”

“ಹಂಗಾದ್ರೆ ಮೂರು.”

ಮೇಡಂ ಕರೆದುಕೊಂಡು ಹೋದರು. ಇರುತ್ತೀನಿ ಎಂದೂ ಹೇಳಲಿಲ್ಲ, ಇರಲ್ಲ ಎಂದೂ ಹೇಳಲಿಲ್ಲ.

ಏಪ್ರಿಲ್ 18, ಗುರುವಾರ

ಅಂಗಡಿಗೆ ಮೇಡಂ ಫೋನು. “ಅವಳದು ದಿನಾ ಒಂದೇ ಪ್ರಶ್ನೆ ಸರ್. ಎಲೆ ಬಿಚ್ಕೊಂಡ್ತಾ ಅಂತ. ಏನು ಹೇಳ್ಲಿ?”

“ಇನ್ನೂ ಇಲ್ಲ ಅನ್ನಿ. ಕಾಯ್ತಿದೆ ಅನ್ನಿ.”

ಏಪ್ರಿಲ್ 20, ಶನಿವಾರ, ಮಧ್ಯಾಹ್ನ

ಬಂದಿದ್ದಾಳೆ. ಬಟ್ಟೆಯ ಪೆಟ್ಟಿಗೆಯ ಜೊತೆ. ಎಷ್ಟು ದಿನಕ್ಕೆಂದು ನಾವು ಕೇಳಲಿಲ್ಲ.

ಊಟ ಆಯಿತು. ಇವಳು ಪಾತ್ರೆ ತೊಳೆಯುತ್ತಿದ್ದಾಳೆ. ನಾನು ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಆ ಕೋಣೆಯ ಅರ್ಧ ಕಾಣುತ್ತದೆ. ಬಿಸಿಲಿನ ಚುಕ್ಕೆಗಳು. ಅವುಗಳ ನಡುವೆ ಎರಡು ಬರಿಗಾಲು, ಈ ಸಲ ನಿಜವಾದವು. ಕುಂಡದ ಪಕ್ಕದಲ್ಲಿ ಏನೋ ನೀಲಿ ಬಣ್ಣದ್ದು... ಬ್ಯಾಗು. ನೆಲದ ಮೇಲಿದೆ.

ಕರೆಯುತ್ತಿದ್ದಾಳೆ. “ಬಿಚ್ಕೊಳ್ತಿದೆ! ಬೇಗ ಬಾ! ಕಿಟಕಿ ಎಷ್ಟಿದೆ ಎಣಿಸ್ಬೇಕು —”

ಹೋಗಬೇಕು, ಉಳಿದದ್ದು ಆಮೇ—