ಬಂಡೆಯ ಮೇಲೆ ಹಾಸಿದ ಟವೆಲು

ಥಂಡರ್ ಬೇ,
ಮೇ ತಿಂಗಳು, ಮಂಗಳವಾರ

ನನ್ನ ವಾರಿ,

ನಿಮ್ಮ ಫಿನ್ನಿಶ್ ಮಾತಿನಲ್ಲಿ ತಾತನಿಗೆ ಹಾಗೆ ಹೇಳುತ್ತಾರೆಂದು ಹೆಲ್ಮಿ ಅಜ್ಜಿ ಕಲಿಸಿದ ದಿನದಿಂದ ನಿಮ್ಮನ್ನು ಆರ್ವೋ ಎಂದು ಕರೆದೇ ಇಲ್ಲ. ನೀವು ಹೋಗಿ ಮೂರು ತಿಂಗಳಾಯಿತು. ಓದಲು ಇಲ್ಲದವರಿಗೆ ಕಾಗದ ಬರೆಯುವುದು ದಡ್ಡತನವೆಂದು ಗೊತ್ತು. ಆದರೂ ಗುರುವಾರ ನಾನು ಹೇಳಲಿರುವ ಮಾತನ್ನು ಮೊದಲು ನಿಮಗೇ ಹೇಳಬೇಕು.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಪರ್ಶಿಯನ್ ಬನ್ನು ಕೊಳ್ಳಲು ನಿಂತಿದ್ದೆ. ಹಿಂದೆ ಇಬ್ಬರು ಎಲೆಕ್ಟ್ರಿಷಿಯನ್ನರು.

"ನಲವತ್ತು ವರ್ಷ ಕೆಲಸ ಮಾಡಿದ ಮುದುಕ, ಕೊನೇಲಿ ಒಂದು ಅರ್ತಿಂಗ್ ಅಳೆಯೋಕೆ ಬರಲಿಲ್ಲ ನೋಡು."

"ಕಣ್ಣು ಮಂಜಾಗಿತ್ತೇನೋ ಬಿಡೋ. ಪಾಪ, ಆ ಕ್ಲೇಟನ್ ಕಿವಿ ಹೋಯ್ತಲ್ಲ."

ನಾನು ತಿರುಗಿ ನೋಡಲಿಲ್ಲ. ಬನ್ನಿನ ಮೇಲಿನ ಗುಲಾಬಿ ಸಕ್ಕರೆ ಬೆರಳಿಗೆಲ್ಲ ಅಂಟಿಕೊಂಡಿತ್ತು, ತಿನ್ನಲಾಗಲಿಲ್ಲ.

ನಾನು ಶಾಲೆ ಬಿಟ್ಟ ಕಾರಣ ಕೇಳಿ ನೀವು ನಕ್ಕಿದ್ದು ನೆನಪಿದೆ. ಪ್ರಯೋಗದಲ್ಲಿ ನಾನು ಅಳೆದ ಅಂಕಿ ಬೇಡ, ಪುಸ್ತಕದ ಅಂಕಿ ಬರೆ ಎಂದರು ಮೇಷ್ಟರು. ಬರೆಯಲಿಲ್ಲ. ಜಗಳವಾಯಿತು, ಹನ್ನೊಂದನೇ ತರಗತಿಯ ಮಧ್ಯೆಯೇ ಚೀಲ ಎತ್ತಿಕೊಂಡು ಬಂದೆ. "ಅಷ್ಟಕ್ಕೇ ಬಿಟ್ಟೆಯೇನೇ? ನಾಳೆ ಆರು ಗಂಟೆಗೆ ವ್ಯಾನ್ ಹತ್ರ ಬಾ. ನಂಗೆ ಬೇಕಾಗಿದ್ದೇ ಇಂಥ ಮೊಂಡಿ" ಎಂದಿರಿ.

ಆ ವ್ಯಾನಿನಲ್ಲಿ ಅರ್ತಿಂಗ್ ಅಳೆಯಲು, ಸಿಡಿಲು ಸಲೀಸಾಗಿ ನೆಲಕ್ಕೆ ಇಳಿಯುತ್ತದೆಯೇ ಎಂದು ನೋಡಲು, ಎರಡು ಮೀಟರುಗಳಿದ್ದವು. ಒಂದು ಹಳದಿ ಕ್ಲ್ಯಾಂಪ್. ತಂತಿಗೆ ಕಚ್ಚಿಸಿದರೆ ಸಾಕು, ಅಂಕಿ ತೋರಿಸುತ್ತದೆ. ಇನ್ನೊಂದು ನಿಮ್ಮ ಹಳೇ ಪೆಟ್ಟಿಗೆ. ಅದಕ್ಕೆ ಉದ್ದುದ್ದ ತಂತಿ ಎಳೆಯಬೇಕು, ದೂರದಲ್ಲಿ ಎರಡು ಕಬ್ಬಿಣದ ಗೂಟ ಹೊಡೆಯಬೇಕು, ಅರ್ಧ ದಿನದ ಕೆಲಸ. "ಕ್ಲ್ಯಾಂಪ್ ಕೆಟ್ಟದ್ದಲ್ಲ ಕಣೇ. ಊರೊಳಗೆ ಕಂಬದಿಂದ ಕಂಬಕ್ಕೆ ಹತ್ತಾರು ಅರ್ತಿಂಗ್ ಸೇರ್ಕೊಂಡಿರುತ್ತೆ, ಅಲ್ಲಿ ಅದು ಸರಿ. ಗುಡ್ಡದ ಮೇಲೆ ಒಂಟಿ ನಿಂತಿರೋ ಗೋಪುರಕ್ಕೆ, ಸುತ್ತ ತಾಮ್ರದ ಬಳೆ ಹೂತಿರೋ ಕಡೆ ಹಾಕಿದ್ರೆ ಅದು ನೆಲಾನ ಅಳೆಯಲ್ಲ, ಬರೀ ತಾಮ್ರಾನ ಅಳೆಯುತ್ತೆ." ಎಷ್ಟು ಸಲ ಹೇಳಿದ್ದಿರಿ!

ಬಂಡೆಯಲ್ಲಿ ಗೂಟ ಇಳಿಯದ ಕಡೆ ನಿಮ್ಮ ಸೌನಾ ಹಬೆಸ್ನಾನದ ಹಳೇ ಟವೆಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ ಹಾಸಿ, ಗೂಟವನ್ನು ಅದರ ಮೇಲೆ ಮಲಗಿಸುತ್ತಿದ್ದಿರಿ. "ಏನು ಆರ್ವೋ, ಬಂಡೆಗೆ ಜ್ವರ ಬಂದಿದೆಯಾ?" ಎಂದು ಉಳಿದವರು ರೇಗಿಸಿದರೆ, "ಹೌದು, ನಿನ್ನ ಕೆಲಸ ನೋಡಿ ಬಂತು" ಎನ್ನುತ್ತಿದ್ದಿರಿ.

ಹೋದ ಜೂನ್‌ನಲ್ಲಿ ನಿಮ್ಮ ಮಂಡಿ ಊದಿತ್ತು. ಕಾಡ್ಗಿಚ್ಚು ಕಾಯುವವರ ರೇಡಿಯೋ ಗೋಪುರವಿದ್ದ ಗುಡ್ಡವನ್ನು ನಾನೊಬ್ಬಳೇ ಹತ್ತಿದೆ. ಪೆಟ್ಟಿಗೆ, ಟವೆಲು ಎಲ್ಲ ಕೆಳಗೆ ವ್ಯಾನಿನಲ್ಲೇ ಉಳಿದವು. ಕರಿನೊಣಗಳು ಕಿವಿ, ಕಣ್ಣು ಬಿಡದೆ ಕಚ್ಚುತ್ತಿದ್ದವು. ಜೇಬಿನಲ್ಲಿದ್ದ ಕ್ಲ್ಯಾಂಪ್ ತೆಗೆದು ಹಾಕಿದೆ. ಸೊನ್ನೆ ಪಾಯಿಂಟ್ ಆರು ಓಮ್. ಹತ್ತರೊಳಗಿದ್ದರೆ ಸಾಕಿತ್ತು. ಈಗ ನಿಜ ಹೇಳುತ್ತೇನೆ. ಆ ಅಂಕಿಯನ್ನು ಮತ್ತೊಮ್ಮೆ ನೋಡಿದೆ. ಬರೀ ಬಂಡೆಯ ಗುಡ್ಡಕ್ಕೆ ಇಷ್ಟು ಒಳ್ಳೆಯ ಅಂಕಿಯೇ ಅನ್ನಿಸಿತು. ಆದರೂ ಬರೆದುಕೊಂಡು ಇಳಿದೆ. ಪುಸ್ತಕದ ಅಂಕಿಯನ್ನು ಬರೆಯಲಾರದೆ ಶಾಲೆ ಬಿಟ್ಟವಳು ನಾನು. ಕಣ್ಣಾರೆ ಕಂಡದ್ದನ್ನೇ ಬರೆದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನೀವು ಕನ್ನಡಕವನ್ನೂ ಹಾಕಿಕೊಳ್ಳದೆ ಸಹಿ ಮಾಡಿದಿರಿ. "ನೀನು ಬರೆದಿದ್ದಲ್ವಾ? ಅದರಲ್ಲಿ ಓದೋದೇನಿದೆ?"

ಜುಲೈನಲ್ಲಿ ಗೋಪುರಕ್ಕೆ ಸಿಡಿಲು ಬಡಿಯಿತು. ನೆಲಕ್ಕೆ ಇಳಿಯಲು ದಾರಿ ಸಿಗದೆ ಅದು ಗೋಪುರದ ಬುಡದಲ್ಲಿದ್ದ ಕಾವಲುಗಾರರ ಕೋಣೆಯೊಳಗೆ ನುಗ್ಗಿತು. ರೇಡಿಯೋ ಹಿಡಿದು ಮಾತಾಡುತ್ತಿದ್ದ ಕ್ಲೇಟನ್‌ನ ಎಡಕಿವಿ ಹೋಯಿತು, ಎರಡು ಬೆರಳು ಮರಗಟ್ಟಿ ಹೋದವು.

ವಿಚಾರಣೆಯಲ್ಲಿ "ಅಳೆದವರು ಯಾರು?" ಎಂದಾಗ ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೇಜಿನ ಕೆಳಗೆ ನಿಮ್ಮ ಬೂಟು ನನ್ನ ಪಾದದ ಮೇಲೆ ಬಂತು. ಒತ್ತಿ ಹಿಡಿದೇ ಇದ್ದಿರಿ. "ನಾನೇ. ಕ್ಲ್ಯಾಂಪ್ ಹಾಕಿದವನು ನಾನೇ" ಎಂದಿರಿ. ಹೊರಗೆ ಬಂದು ಅತ್ತಾಗ ಗದರಿದಿರಿ. "ನಂದು ಇನ್ನೊಂದು ವರ್ಷದ ಕೆಲಸ, ನಿಂದು ಈಗ ಶುರು. ಬಾಯಿ ಮುಚ್ಚಿಕೊಂಡು ಕಲಿ." ನಿಮ್ಮ ಲೈಸೆನ್ಸ್ ಕಿತ್ತುಕೊಂಡರು. ಚಳಿಗಾಲವಿಡೀ ನೀವು ಎಲೆಕ್ಟ್ರಿಷಿಯನ್ನರ ಸಂಘದ ಹಾಲ್ ಕಡೆ ಕಾಲಿಡಲಿಲ್ಲ. ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಹಿಮ ಎತ್ತುತ್ತಾ ಕುಸಿದಿರಿ. ಮಣ್ಣಿಗೆ ಬಂದ ಎಲೆಕ್ಟ್ರಿಷಿಯನ್ನರು ನಾಲ್ಕೇ ಜನ, ವಾರಿ. ನಾನು ಎಣಿಸಿದೆ.

ಭಾನುವಾರ ಹೆಲ್ಮಿ ಅಜ್ಜಿಗೆ ಎಲ್ಲ ಹೇಳಿದೆ. ಅವರು ಒಲೆಯ ಮೇಲಿನ ಕಾಫಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿತ್ತು ಮಗೂ. ಅವರು ಗುಡ್ಡಕ್ಕೆ ಹೋಗಿ ಬಂದ ದಿನ ಟವೆಲ್ಲು ಉಪ್ಪುಪ್ಪಾಗಿ ಬರ್ತಿತ್ತು. ಆ ಗೋಪುರದ ದಿನ ಮಾತ್ರ ಮಡಚಿಟ್ಟ ಟವೆಲ್ಲು ಬಿಚ್ಚೇ ಇರಲಿಲ್ಲ. ಒಗೆಯೋಳು ನಾನು ತಾನೇ?" ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಹೋಗಿ ಅವೇ ಎರಡು ಟವೆಲು ತಂದು ನನ್ನ ತೊಡೆಯ ಮೇಲಿಟ್ಟರು.

ನಿನ್ನೆ ಗುಡ್ಡ ಹತ್ತಿದೆ. ಗೋಪುರ ಮುಚ್ಚಿದ್ದಾರೆ, ಹೂತ ತಾಮ್ರ ಹಾಗೇ ಇದೆ. ವಿಚಾರಣೆಯವರು ಅಳೆದ ಅಂಕಿ ಗೊತ್ತಿತ್ತು, ಆದರೂ ನನ್ನ ಕೈಯಿಂದ ಒಮ್ಮೆ ಅಳೆಯಬೇಕಿತ್ತು. ಕ್ಲ್ಯಾಂಪ್ ಮತ್ತೆ ಅದೇ ಸೊನ್ನೆ ಪಾಯಿಂಟ್ ಆರು ತೋರಿಸಿತು. ಅದಕ್ಕೆ ಬೈಯುವ ಹಾಗಿಲ್ಲ, ತಾಮ್ರವನ್ನು ಕೇಳಿದೆ, ತಾಮ್ರವನ್ನೇ ಹೇಳಿತು. ಆಮೇಲೆ ತಂತಿ ಎಳೆದು, ಟವೆಲು ಅದ್ದಿ, ಬಂಡೆಯ ಮೇಲೆ ಹಾಸಿದೆ. ನೂರ ನಲವತ್ತೆಂಟು ಓಮ್. ಗೂಟದ ಜಾಗ ಬದಲಿಸಿ ಎರಡು ಸಲ ನೋಡಿದೆ. ನೀವು ಕಲಿಸಿದ ಹಾಗೇ ಮಾಡಿದೆ, ವಾರಿ, ಹನ್ನೊಂದು ತಿಂಗಳು ತಡವಾಗಿ.

ಗುರುವಾರ ವಿಚಾರಣೆ ನಡೆಸಿದವರ ಆಫೀಸಿಗೆ ಹೋಗಿ ಅಳೆದವಳು ನಾನೆಂದು ಬರೆದುಕೊಡುತ್ತೇನೆ. ಕೆಲಸ ಕಲಿಯುವ ಅವಕಾಶ ಅಲ್ಲಿಗೆ ಮುಗಿಯುತ್ತದೆ. ಶಾಲೆಯೂ ಇಲ್ಲ, ಇದೂ ಇಲ್ಲ, ಮುಂದೇನೆಂದು ಗೊತ್ತಿಲ್ಲ. ಅಲ್ಲಿಂದ ಕ್ಲೇಟನ್ ಮನೆಗೆ ಹೋಗಬೇಕು. ಅವರ ಬಲಗಡೆ ಕೂತು ಹೇಳಬೇಕು, ಇಲ್ಲದಿದ್ದರೆ ಕೇಳಿಸುವುದಿಲ್ಲ.

ನೀವು ಕೊಟ್ಟದ್ದನ್ನು ವಾಪಸು ಮಾಡುತ್ತಿದ್ದೇನೆ, ಸಿಟ್ಟಾಗಬೇಡಿ. ಈ ಸಲ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಯಾವ ಬೂಟೂ ಇರುವುದಿಲ್ಲ. ಇದ್ದಿದ್ದರೆ ಎಂದು ಎಷ್ಟು ಅನ್ನಿಸುತ್ತದೆ ಗೊತ್ತೇ?

ಇರುವಲ್ಲಿ ಬೆಚ್ಚಗಿರಿ.

ನಿಮ್ಮ ಮೊಂಡಿ,
ಮಾರ್ನಿ